ಬಿಸಿಲಲ್ಲಿ ಬೆವರಿದಾಗ, ಭೇದಿಯಾದಾಗ ಕಿಡ್ನಿ ಮಾಡುವುದೇನು? ನೀರು-ಉಪ್ಪಿನ ಲೆಕ್ಕ ಇಡುವ ಜೀವಕೋಶಗಳಿಗೂ ಓಆರ್‌ಎಸ್ ಹೆಸರಿನ ಗೊಂದಲಕ್ಕೂ ಏನು ಸಂಬಂಧ?

ಶಂಶಾಬಾದ್ (ಹೈದರಾಬಾದ್): ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಹೊರಟವರಿಗೆ ಹೈದರಾಬಾದ್ ನಗರಕ್ಕೂ ಮುಂಚೆ ಸಿಗುವ ಊರು ಶಂಶಾಬಾದ್. 2008ರಲ್ಲಿ ಇಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಚಹರೆಯೇ ಬದಲಾಯಿತು. ಬದಲಾಗದೆ ಉಳಿದದ್ದು ಬೇಸಿಗೆ. ಮೇ ತಿಂಗಳ ಮಧ್ಯಾಹ್ನ ಪಾದರಸ 40 ಡಿಗ್ರಿ ಮುಟ್ಟುವುದು ಇಲ್ಲಿ ಮಾಮೂಲು.

ಅಂಥದ್ದೊಂದು ಮಧ್ಯಾಹ್ನ ಇಲ್ಲಿ ಇಬ್ಬರು ಇದ್ದಾರೆ ಎಂದುಕೊಳ್ಳಿ. ಒಬ್ಬರು ಯಾದಗಿರಿ ಕಡೆಯಿಂದ ಗುಳೆ ಬಂದ ಕಟ್ಟಡ ಕಾರ್ಮಿಕ. ಬೆಳಗ್ಗೆಯಿಂದ ಬಿಸಿಲಲ್ಲಿ ಕಬ್ಬಿಣ ಕಟ್ಟಿ ಅಂಗಿಯೆಲ್ಲ ಬೆವರಿನಿಂದ ಒದ್ದೆ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ. ಇನ್ನೊಬ್ಬರು ವಿಮಾನ ನಿಲ್ದಾಣದ ಎಸಿಯಲ್ಲಿ ಕುಳಿತ ಪ್ರಯಾಣಿಕ. ಹೊತ್ತು ಕಳೆಯಲೆಂದು ಒಂದು ಲೀಟರ್ ನೀರಿನ ಬಾಟಲಿ ಖಾಲಿ ಮಾಡಿದ್ದಾರೆ. ಕಾರ್ಮಿಕನ ಮೂತ್ರ ಕಡು ಹಳದಿ, ಅದೂ ಸ್ವಲ್ಪವೇ. ಪ್ರಯಾಣಿಕನದು ನೀರಿನಂತೆ ತಿಳಿ, ಒಂದು ಗಂಟೆಯೊಳಗೆ ಎರಡು ಸಲ ಶೌಚಾಲಯಕ್ಕೆ ಓಡಾಟ. ಆದರೆ ಇಬ್ಬರ ರಕ್ತ ಪರೀಕ್ಷೆ ಮಾಡಿದರೆ ಉಪ್ಪು-ನೀರಿನ ಗಾಢತೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ!

ಈ ಸಮತೋಲನ ಕಾಯುವುದು ಬೆನ್ನಿನ ಎರಡೂ ಬದಿಯಲ್ಲಿರುವ, ತಲಾ 150 ಗ್ರಾಂ ಆಸುಪಾಸು ತೂಗುವ ಮೂತ್ರಪಿಂಡಗಳು. ಹಾಗೆಂದು ಕಿಡ್ನಿ ನೀರನ್ನು ಸೃಷ್ಟಿಸಲಾರದು, ಉಪ್ಪನ್ನೂ ಸೃಷ್ಟಿಸಲಾರದು. ಒಳಗೆ ಬಂದದ್ದನ್ನು ಉಳಿಸಬಲ್ಲದು ಅಥವಾ ಹೊರಹಾಕಬಲ್ಲದು, ಅಷ್ಟೇ. ಹಾಗಾಗಿ ನಾವು ಏನನ್ನು ಕುಡಿಯುತ್ತೇವೆ ಎಂಬುದು ಮುಖ್ಯವಾಗುತ್ತದೆ. ಹಣ್ಣಿನ ರಸದ ಸಿಹಿ ಪೊಟ್ಟಣಗಳ ಮೇಲೆ 'ಓಆರ್‌ಎಸ್' ಎಂದು ಬರೆಯುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ್ದು ಇದೇ ಕಾರಣಕ್ಕೆ. ಅದರ ವಿವರಕ್ಕೆ ಮುನ್ನ ಕಿಡ್ನಿಯ ಒಳಗೊಮ್ಮೆ ಹೋಗಿ ಬರಬೇಕು.

ಮಾವಿನ ಮಿಡಿ ಮತ್ತು ಒಣದ್ರಾಕ್ಷಿ

ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ಅದು ಮುರುಟಿಕೊಳ್ಳುತ್ತದೆ, ಭರಣಿಯಲ್ಲಿ ನೀರು ಬಿಟ್ಟುಕೊಂಡಿರುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ. ಎರಡೂ ಒಂದೇ ನಿಯಮದ ಎರಡು ಮುಖ. ತೆಳು ಪೊರೆಯ ಎರಡು ಬದಿಯಲ್ಲಿ ಕರಗಿದ ವಸ್ತುಗಳ ಪ್ರಮಾಣ ಬೇರೆ ಬೇರೆ ಇದ್ದರೆ, ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ನೀರು ಹರಿಯುತ್ತದೆ. ಇದನ್ನೇ ಆಸ್ಮಾಸಿಸ್ ಅಥವಾ ಅಭಿಸರಣೆ ಎನ್ನುತ್ತಾರೆ.

ನಮ್ಮ ದೇಹದ ಪ್ರತಿ ಜೀವಕೋಶವೂ ಇಂಥ ಪೊರೆಯೊಳಗೇ ಇದೆ. ಸುತ್ತಲಿನ ದ್ರವ ಗಾಢವಾದರೆ ಕೋಶ ಮಿಡಿಯಂತೆ ಕುಗ್ಗುತ್ತದೆ, ತೆಳುವಾದರೆ ದ್ರಾಕ್ಷಿಯಂತೆ ಉಬ್ಬುತ್ತದೆ. ಕರಗಿದ ಕಣಗಳ ಈ ಗಾಢತೆಯನ್ನು ವೈದ್ಯರು ಮಿಲಿಆಸ್ಮೋಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಆರೋಗ್ಯವಂತರ ರಕ್ತದಲ್ಲಿ ಅದು 275ರಿಂದ 295ರ ನಡುವೆ ಇರುತ್ತದೆ. ಇದರಲ್ಲಿ ದೊಡ್ಡ ಪಾಲು ಸೋಡಿಯಂ ಮತ್ತು ಅದರ ಜೊತೆಗಾರ ಲವಣಗಳದ್ದು. ಇಷ್ಟು ಕಿರಿದಾದ ಗಡಿ ಯಾಕೆಂದರೆ ಮಿದುಳು ಗಟ್ಟಿ ತಲೆಬುರುಡೆಯೊಳಗೆ ಇದೆ, ಅದು ಉಬ್ಬಿದರೆ ಹೋಗಲು ಜಾಗವಿಲ್ಲ.

ಬಾಗಿಲು ತೆರೆಯುವ ಹಾರ್ಮೋನ್

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಇವು ಸೋಸುವ ಜಾಲರಿ ಮತ್ತು ಉದ್ದನೆಯ ಸೂಕ್ಷ್ಮ ಕೊಳವೆಗಳು. ದಿನಕ್ಕೆ ಸುಮಾರು 180 ಲೀಟರ್ ದ್ರವ ಇಲ್ಲಿ ಸೋಸಿಹೋಗುತ್ತದೆ. ಹೊರಗೆ ಬರುವ ಮೂತ್ರ ಒಂದೂವರೆ ಲೀಟರ್ ಆಸುಪಾಸು ಮಾತ್ರ. ಉಳಿದದ್ದೆಲ್ಲ ಕೊಳವೆಗಳ ಗೋಡೆಯಲ್ಲಿರುವ ಜೀವಕೋಶಗಳ ಮೂಲಕ ರಕ್ತಕ್ಕೆ ವಾಪಸ್. ಇದರಲ್ಲಿ ಹೆಚ್ಚಿನ ಪಾಲು ಯಾವ ಚರ್ಚೆಯೂ ಇಲ್ಲದೆ ಮರಳುತ್ತದೆ. ಕೊಳವೆಯ ಕೊನೆಯ ಭಾಗವಾದ ಸಂಗ್ರಾಹಕ ನಾಳಕ್ಕೆ ಬಂದ ಮೇಲೆ ಮಾತ್ರ ಈ ನೀರನ್ನು ಉಳಿಸಬೇಕೇ, ಬಿಡಬೇಕೇ ಎಂಬ ತೀರ್ಮಾನವಾಗಬೇಕು.

ತೀರ್ಮಾನ ಮಾಡುವುದು ಮಿದುಳು. ಹೈಪೊಥಲಾಮಸ್‌ನಲ್ಲಿರುವ ಕೆಲವು ನರಕೋಶಗಳು ರಕ್ತ ಗಾಢವಾದಾಗ ತಾವೇ ತುಸು ಕುಗ್ಗುತ್ತವೆ, ಆ ಕುಗ್ಗುವಿಕೆಯೇ ಅವಕ್ಕೆ ಸಂಕೇತ. ಶೇ 1ರಿಂದ 2ರಷ್ಟು ಬದಲಾವಣೆ ಸಾಕು, ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ಹೆಚ್ಚಾಗಿ ಹೊರಬರುತ್ತದೆ. ಬೆವರಿನಲ್ಲಿ ರಕ್ತಕ್ಕಿಂತ ಕಡಿಮೆ ಉಪ್ಪು ಇರುವುದರಿಂದ, ಬೆವರಿದಷ್ಟೂ ಉಳಿದ ರಕ್ತ ಗಾಢವಾಗುತ್ತದೆ. ಕಾರ್ಮಿಕನ ದೇಹದಲ್ಲಿ ಈಗ ನಡೆಯುತ್ತಿರುವುದು ಇದೇ. ಬಾಯಾರಿಕೆಯೂ ಇದೇ ಹೊತ್ತಿಗೆ ಎಚ್ಚರಗೊಳ್ಳುತ್ತದೆ.

ವ್ಯಾಸೊಪ್ರೆಸಿನ್ ಸಂಗ್ರಾಹಕ ನಾಳದ ಜೀವಕೋಶಕ್ಕೆ ಬಂದು ಅಂಟಿದ ಕೂಡಲೇ ಕೋಶದೊಳಗೆ ಚಟುವಟಿಕೆ ಶುರು. ಅಕ್ವಾಪೊರಿನ್-2 ಎಂಬ ಪ್ರೋಟೀನನ್ನು ಪುಟ್ಟ ಗುಳ್ಳೆಗಳಲ್ಲಿ ತುಂಬಿ ಮೊದಲೇ ದಾಸ್ತಾನು ಮಾಡಿರಲಾಗಿರುತ್ತದೆ. ಹಾರ್ಮೋನ್ ಸಂದೇಶ ಬಂದಾಗ ಆ ಗುಳ್ಳೆಗಳು ಮೂತ್ರದ ಕಡೆಗಿರುವ ಪೊರೆಗೆ ಹೋಗಿ ಸೇರಿಕೊಳ್ಳುತ್ತವೆ. ಅಲ್ಲಿಯವರೆಗೆ ನೀರಿಗೆ ಮುಚ್ಚಿದ ಗೋಡೆಯಾಗಿದ್ದ ಪೊರೆಯಲ್ಲಿ ಈಗ ಸಾವಿರಾರು ಸೂಕ್ಷ್ಮ ಬಾಗಿಲುಗಳು. ನೀರು ಮೂತ್ರದಿಂದ ಕೋಶಕ್ಕೆ, ಕೋಶದ ಇನ್ನೊಂದು ಬದಿಯಿಂದ ದೇಹಕ್ಕೆ ಹರಿಯುತ್ತದೆ. ಹಾರ್ಮೋನ್ ಇಳಿದಾಗ ಕೋಶ ಆ ಬಾಗಿಲುಗಳನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲವೂ ನಿಮಿಷಗಳ ಲೆಕ್ಕದ ಕೆಲಸ. ಜೀವಕೋಶದ ಪೊರೆಯಲ್ಲಿ ನೀರಿಗೆಂದೇ ಬೇರೆ ದಾರಿ ಇದೆ ಎಂದು ತೋರಿಸಿಕೊಟ್ಟ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಅಂದಹಾಗೆ, ಮದ್ಯ ಈ ವ್ಯಾಸೊಪ್ರೆಸಿನನ್ನು ತಗ್ಗಿಸುತ್ತದೆ. ಬಿಸಿಲಿಗೆ ತಣ್ಣಗಿನ ಬಿಯರ್ ಕುಡಿದರೆ ದೇಹ ತಂಪಾಗುತ್ತದೆ ಎಂದು ನಂಬಿದವರ ಕಿಡ್ನಿಯಲ್ಲಿ ಬಾಗಿಲುಗಳು ಮುಚ್ಚುತ್ತಿರುತ್ತವೆ, ಉಳಿಯಬೇಕಾದ ನೀರು ಹೊರಗೆ ಹೋಗುತ್ತಿರುತ್ತದೆ.

ರಕ್ತಕ್ಕಿಂತ ನಾಲ್ಕು ಪಟ್ಟು ಗಾಢವಾದ ಜಾಗದಲ್ಲಿ ಬದುಕುವುದು ಹೇಗೆ?

ಬಾಗಿಲು ತೆರೆದ ಮಾತ್ರಕ್ಕೆ ನೀರು ಹರಿಯುವುದಿಲ್ಲ, ಆಚೆ ಬದಿ ಹೆಚ್ಚು ಗಾಢವಾಗಿರಬೇಕು. ಅದಕ್ಕಾಗಿ ಕಿಡ್ನಿಯ ಒಳಭಾಗವನ್ನು (ಮೆಡುಲ್ಲಾ) ಬೇಕೆಂದೇ ಉಪ್ಪಿನ ಭರಣಿಯಂತೆ ಇಟ್ಟುಕೊಳ್ಳಲಾಗಿದೆ. ಹೇರ್‌ಪಿನ್‌ನಂತೆ ಬಾಗಿದ ಕೊಳವೆಯ ಏರುವ ತೋಳಿನ ಕೋಶಗಳು ಉಪ್ಪನ್ನು ಹೊರಗೆ ಪಂಪ್ ಮಾಡುತ್ತವೆ, ಆದರೆ ನೀರನ್ನು ಬಿಡುವುದಿಲ್ಲ. ಜೊತೆಗೆ ಯೂರಿಯಾ ಕೂಡ ಅಲ್ಲಿ ಜಮೆಯಾಗುತ್ತದೆ. ಹೀಗೆ ಕಿಡ್ನಿಯ ಹೊರ ಅಂಚಿನಲ್ಲಿ 290ರಷ್ಟಿರುವ ಗಾಢತೆ, ಒಳ ತುದಿಗೆ ಬರುವ ಹೊತ್ತಿಗೆ ಸುಮಾರು 1200 ಮಿಲಿಆಸ್ಮೋಲ್ ಮುಟ್ಟುತ್ತದೆ. ಮೂತ್ರ ಅತಿ ಹೆಚ್ಚೆಂದರೆ ಅಷ್ಟೇ ಗಾಢವಾಗಬಲ್ಲದು. ಅತಿ ತೆಳುವಾದಾಗ 50ಕ್ಕೆ ಇಳಿಯುತ್ತದೆ. ಕಾರ್ಮಿಕ ಮೇಲಿನ ತುದಿಯ ಹತ್ತಿರ ಇದ್ದರೆ ಪ್ರಯಾಣಿಕ ಕೆಳಗಿನ ತುದಿಯ ಹತ್ತಿರ.

ದೇಹದ ಬೇರಾವುದೇ ಕೋಶವನ್ನು ಇಂಥ ಭರಣಿಗೆ ಹಾಕಿದರೆ ಅದು ಮಾವಿನ ಮಿಡಿಯಾಗುತ್ತದೆ. ಅಲ್ಲೇ ವಾಸಿಸುವ ಕಿಡ್ನಿಯ ಕೋಶಗಳು ಯಾಕೆ ಸಾಯುವುದಿಲ್ಲ?

ಸುತ್ತಲೂ ಗಾಢತೆ ಏರಿದಾಗ ಅವೂ ಮೊದಲು ಕುಗ್ಗುತ್ತವೆ. ತಕ್ಷಣದ ಉಪಾಯವಾಗಿ ಹೊರಗಿನಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಒಳಗೆಳೆದುಕೊಂಡು ಅದರ ಹಿಂದೆ ನೀರನ್ನೂ ತಂದುಕೊಂಡು ಆಕಾರ ಉಳಿಸಿಕೊಳ್ಳುತ್ತವೆ. ಆದರೆ ಇದು ಸಾಲ ಮಾಡಿ ಸಂಸಾರ ನಡೆಸಿದಂತೆ. ಕೋಶದೊಳಗೆ ಉಪ್ಪು ಹೆಚ್ಚಾದರೆ ಪ್ರೋಟೀನ್‌ಗಳ ಕೆಲಸ ಕೆಡುತ್ತದೆ, ಡಿಎನ್‌ಎಗೂ ಪೆಟ್ಟು. ಹಾಗಾಗಿ ಮುಂದಿನ ಗಂಟೆಗಳಲ್ಲಿ ಕೋಶ ಎರಡನೇ ಉಪಾಯಕ್ಕೆ ಹೋಗುತ್ತದೆ. ಟಾನ್‌ಇಬಿಪಿ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅದರ ಫಲವಾಗಿ ಸಾರ್ಬಿಟಾಲ್, ಬೀಟೇನ್, ಇನೊಸಿಟಾಲ್, ಟಾರಿನ್‌ನಂಥ ಸಾಧು ಪದಾರ್ಥಗಳು ಕೋಶದೊಳಗೆ ತಯಾರಾಗುತ್ತವೆ ಅಥವಾ ಹೊರಗಿನಿಂದ ಬಂದು ತುಂಬಿಕೊಳ್ಳುತ್ತವೆ. ಇವು ನೀರನ್ನು ಹಿಡಿದಿಡುತ್ತವೆ, ಆದರೆ ಪ್ರೋಟೀನ್‌ಗಳ ತಂಟೆಗೆ ಹೋಗುವುದಿಲ್ಲ. ಜಾಗ ಸಿಕ್ಕಿದ ಮೇಲೆ ಹೆಚ್ಚುವರಿ ಉಪ್ಪನ್ನು ಕೋಶ ಹೊರಗೆ ಕಳಿಸುತ್ತದೆ.

ಪ್ರಯಾಣಿಕನ ಕಿಡ್ನಿಯಲ್ಲಿ ಇದೇ ಆಟ ತಿರುವುಮುರುವು. ಒಂದು ಲೀಟರ್ ನೀರು ಒಮ್ಮೆಗೇ ಬಂದು ಸುತ್ತಲಿನ ದ್ರವ ತೆಳುವಾಗತೊಡಗಿದಾಗ, ಕೋಶಗಳು ತಾವು ಕೂಡಿಟ್ಟ ಸಾರ್ಬಿಟಾಲ್ ಮುಂತಾದವನ್ನು ಬೇಗಬೇಗ ಹೊರಗೆ ಬಿಡಬೇಕು. ಇಲ್ಲದಿದ್ದರೆ ಉಬ್ಬಿ ಒಡೆಯುವ ಅಪಾಯ. ತುಂಬಿಕೊಳ್ಳಲು ಗಂಟೆಗಳು, ದಿನಗಳು ಬೇಕಾದರೆ, ಖಾಲಿ ಮಾಡಲು ನಿಮಿಷಗಳು ಸಾಕು.

ಇಲ್ಲೊಂದು ಸ್ವಾರಸ್ಯವಿದೆ. ಕಿಡ್ನಿ ಕೋಶದಲ್ಲಿ ಗ್ಲೂಕೋಸಿನಿಂದ ಸಾರ್ಬಿಟಾಲ್ ಮಾಡಿಕೊಡುವ ಕಿಣ್ವದ ಹೆಸರು ಆಲ್ಡೋಸ್ ರಿಡಕ್ಟೇಸ್. ಅದೇ ಕಿಣ್ವ ಕಣ್ಣಿನ ಮಸೂರದಲ್ಲೂ ಇದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಗ್ಲೂಕೋಸ್ ವಿಪರೀತವಾದಾಗ ಮಸೂರದಲ್ಲಿ ಸಾರ್ಬಿಟಾಲ್ ಜಮೆಯಾಗುವುದು ಕಣ್ಣಿನ ಪೊರೆ ಬೇಗ ಬರಲು ಒಂದು ಕಾರಣ ಎಂದು ತಜ್ಞರು ಹೇಳುತ್ತಾರೆ. ಶಂಶಾಬಾದ್‌ನಿಂದ ಹೆಚ್ಚು ದೂರವಿಲ್ಲದ ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆಯ ವಿಜ್ಞಾನಿಗಳು ಆಲ್ಡೋಸ್ ರಿಡಕ್ಟೇಸನ್ನು ತಡೆಯುವ ಗುಣ ನಮ್ಮ ಅಡುಗೆಮನೆಯ ಪದಾರ್ಥಗಳಲ್ಲಿ ಇದೆಯೇ ಎಂದು ವರ್ಷಗಳಿಂದ ಹುಡುಕುತ್ತಿದ್ದಾರೆ. ಕಿಡ್ನಿಯ ಕೋಶಕ್ಕೆ ಜೀವರಕ್ಷಕವಾದದ್ದು ಕಣ್ಣಿಗೆ ಕಂಟಕ!

ಬೆವರು ಬೇರೆ, ಭೇದಿ ಬೇರೆ

ಬೆವರಿದಾಗ ಹೋಗುವುದು ಹೆಚ್ಚು ನೀರು, ಕಡಿಮೆ ಉಪ್ಪು. ಜೋರಾದ ನೀರು ಭೇದಿಯಲ್ಲಿ ಹಾಗಲ್ಲ. ಕಾಲರಾದಂಥ ಕಾಯಿಲೆಯಲ್ಲಿ ರಕ್ತದಷ್ಟೇ ಉಪ್ಪಿರುವ ದ್ರವ ಲೀಟರ್‌ಗಟ್ಟಲೆ ಹೊರಹೋಗುತ್ತದೆ. ಹೋದದ್ದೂ ಉಳಿದದ್ದೂ ಒಂದೇ ಗಾಢತೆಯದ್ದಾದ್ದರಿಂದ ಮಿದುಳಿನ ಗಾಢತೆ ಅಳೆಯುವ ಕೋಶಗಳಿಗೆ ಮೊದಲಿಗೆ ಏನೂ ತಿಳಿಯುವುದೇ ಇಲ್ಲ. ಆದರೆ ರಕ್ತದ ಒಟ್ಟು ಪ್ರಮಾಣ ಕುಸಿಯುತ್ತದೆ. ರಕ್ತನಾಳಗಳಲ್ಲಿರುವ ಒತ್ತಡದ ಸಂವೇದಕಗಳು ಅದನ್ನು ಹಿಡಿದು, ವ್ಯಾಸೊಪ್ರೆಸಿನ್ ಬಿಡುಗಡೆ ಮಾಡಿಸುತ್ತವೆ. ಮೂತ್ರಪಿಂಡ ಸಿಕ್ಕ ನೀರನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈ ಹೊತ್ತಿನಲ್ಲಿ ಮಗುವಿಗೆ ಬರೀ ನೀರನ್ನೇ ಕುಡಿಸುತ್ತಾ ಹೋದರೆ ಏನಾಗುತ್ತದೆ? ರಕ್ತ ತೆಳುವಾಗುತ್ತಾ ಹೋಗುತ್ತದೆ. ಮಾಮೂಲು ದಿನವಾಗಿದ್ದರೆ ಪ್ರಯಾಣಿಕನ ಕಿಡ್ನಿಯಂತೆ ಹೆಚ್ಚುವರಿ ನೀರನ್ನು ಹೊರಹಾಕಬಹುದಿತ್ತು. ಆದರೆ ರಕ್ತದ ಪ್ರಮಾಣ ಕುಸಿದಿರುವುದರಿಂದ ಹಾರ್ಮೋನ್ ಇಳಿಯುವುದಿಲ್ಲ, ಬಾಗಿಲುಗಳು ತೆರೆದೇ ಇರುತ್ತವೆ. ಸೋಡಿಯಂ ಕುಸಿದು ಮಿದುಳಿನ ಕೋಶಗಳು ಉಬ್ಬತೊಡಗುತ್ತವೆ. ಮಂಪರು, ವಾಂತಿ, ಕೊನೆಗೆ ಫಿಟ್ಸ್. ನೀರು ಕೊಟ್ಟವರ ತಪ್ಪಿಲ್ಲ, ನೀರಿನ ಜೊತೆ ಉಪ್ಪು ಹೋಗಲಿಲ್ಲ ಅಷ್ಟೇ. ಆರೋಗ್ಯವಂತ ದೊಡ್ಡವರಲ್ಲೂ ಇದು ಆಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರ ಪೈಕಿ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು.

ಮಕ್ಕಳಿಗೆ ಇನ್ನೊಂದು ತೊಂದರೆ. ದೊಡ್ಡವರು ದಿನದ ಕಲ್ಮಶವನ್ನು ಅರ್ಧ ಲೀಟರ್ ಮೂತ್ರದಲ್ಲೂ ಹೊರಹಾಕಬಲ್ಲರು, ಯಾಕೆಂದರೆ ಅವರ ಕಿಡ್ನಿ 1200ರವರೆಗೆ ಗಾಢಗೊಳಿಸಬಲ್ಲದು. ಹಸುಗೂಸಿನ ಕಿಡ್ನಿಗೆ ಸುಮಾರು ಅದರ ಅರ್ಧದಷ್ಟೇ ಶಕ್ತಿ. ಆ ಮಟ್ಟಕ್ಕೆ ಬರಲು ಒಂದು ವರ್ಷದ ಆಸುಪಾಸು ಬೇಕು. ಹಾಗಾಗಿ ಭೇದಿಯಾದ ಕೂಸು ದೊಡ್ಡವರಿಗಿಂತ ಬೇಗ ಬಸವಳಿಯುತ್ತದೆ.

245ರ ಗುಟ್ಟು

ಇದಕ್ಕೆ ಪರಿಹಾರವಾಗಿ ಬಂದದ್ದೇ ಓಆರ್‌ಎಸ್. ಕರುಳಿನ ಗೋಡೆಯ ಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೇ ಒಳಬರುವ ಒಂದು ದಾರಿಯಿದೆ, ಭೇದಿಯ ಸಮಯದಲ್ಲೂ ಅದು ಕೆಲಸ ಮಾಡುತ್ತಿರುತ್ತದೆ. ಆ ಜೋಡಿಯ ಹಿಂದೆ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನೊಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ಇಟ್ಟು ರೋಗಿಗಳಿಗೆ ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರು ವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು. ಬದುಕಿದ್ದಾಗಲೇ ಕೊಡಬಹುದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಒಟ್ಟು ಗಾಢತೆ 245 ಮಿಲಿಆಸ್ಮೋಲ್. ಮೊದಲಿನ ಸೂತ್ರದಲ್ಲಿ ಇದು 311 ಇತ್ತು. ರಕ್ತಕ್ಕಿಂತ ತುಸು ತೆಳುವಾದ ಮಿಶ್ರಣ ಕರುಳಿನಿಂದ ಸುಲಭವಾಗಿ ಒಳಸೇರುತ್ತದೆ ಎಂದು ಖಚಿತವಾದ ಮೇಲೆ 2002ರಲ್ಲಿ ಬದಲಾಯಿಸಲಾಯಿತು.

ಈಗ ಸಿಹಿ ಪಾನೀಯದ ಲೆಕ್ಕ ನೋಡಿ. ಓಆರ್‌ಎಸ್‌ನಲ್ಲಿ 100 ಮಿಲಿಗೆ ಗ್ಲೂಕೋಸ್ 1.35 ಗ್ರಾಂ. ಸಾಮಾನ್ಯ ತಂಪು ಪಾನೀಯ, ಹಣ್ಣಿನ ರಸಗಳಲ್ಲಿ ಸಕ್ಕರೆ 10 ಗ್ರಾಂ ಆಸುಪಾಸು. ಸೋಡಿಯಂ ಮಾತ್ರ ಬಲು ಕಡಿಮೆ. ಇಂಥ ಪಾನೀಯದ ಗಾಢತೆ ರಕ್ತದ ಎರಡು ಪಟ್ಟಿನಷ್ಟೂ ಆಗಬಹುದು. ಅದು ಕರುಳಿಗೆ ಇಳಿದಾಗ ನೀರು ಒಳಬರುವ ಬದಲು ದೇಹದಿಂದ ಕರುಳಿಗೆ ಹೋಗುತ್ತದೆ, ಮಿಡಿಯ ನೀರು ಭರಣಿಗೆ ಇಳಿದಂತೆ. ಭೇದಿ ಇನ್ನಷ್ಟು ಜೋರಾಗುತ್ತದೆ. ಅತ್ತ ನೀರಿಗಾಗಿ ಎಲ್ಲ ಬಾಗಿಲು ತೆರೆದು ಕುಳಿತ ಕಿಡ್ನಿಗೆ ಬರುವುದು ಇನ್ನೂ ಕಡಿಮೆ ದ್ರವ.

ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಎತ್ತಿದ ಪ್ರಶ್ನೆ ಇದೇ. ಇಷ್ಟು ಸಕ್ಕರೆ ಇರುವ ಪಾನೀಯದ ಮೇಲೆ, ಹಿಂದೆ-ಮುಂದೆ ಇನ್ನೊಂದು ಪದ ಸೇರಿಸಿ 'ಓಆರ್‌ಎಸ್' ಎಂದು ಮುದ್ರಿಸಿದರೆ ಔಷಧ ಅಂಗಡಿಗೆ ಓಡಿಬಂದ ತಾಯಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಸುಮಾರು ಎಂಟು ವರ್ಷ ಅವರು ಈ ವಿಷಯದ ಬೆನ್ನು ಹತ್ತಿದರು, ತೆಲಂಗಾಣ ಹೈಕೋರ್ಟ್‌ಗೂ ಹೋದರು. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಮೊದಲು ನಿರ್ಬಂಧ ಹೇರಿ, ಕೆಲವೇ ತಿಂಗಳಲ್ಲಿ 'ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸಿನ ಓಆರ್‌ಎಸ್ ಅಲ್ಲ' ಎಂಬ ಸೂಚನೆ ಹಾಕಿದರೆ ಸಾಕು ಎಂದು ಸಡಿಲಗೊಳಿಸಿತ್ತು. ಸಣ್ಣಕ್ಷರದ ಸೂಚನೆಯನ್ನು ಯಾರು ಓದುತ್ತಾರೆ? 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ವಿನಾಯಿತಿಯನ್ನು ವಾಪಸ್ ಪಡೆಯಿತು. ನಿಗದಿತ ಸೂತ್ರದ ಓಆರ್‌ಎಸ್ ಹೊರತು ಬೇರೆ ಯಾವ ಪಾನೀಯದ ಹೆಸರಿನಲ್ಲೂ ಆ ಮೂರು ಅಕ್ಷರ ಇರಕೂಡದು ಎಂದಿತು. ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ದೂ ಆಯಿತು.

ದಿನವೂ ಬೆವರುವವರ ಕಥೆ

ಭೇದಿ ನಾಲ್ಕು ದಿನದ್ದು. ಬಿಸಿಲಿನ ದುಡಿಮೆ ಹಾಗಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಗೋಡಂಬಿ, ತೆಂಗಿನ ತೋಟಗಳಲ್ಲಿ ದುಡಿಯುವವರಲ್ಲಿ, ಸಕ್ಕರೆ ಕಾಯಿಲೆಯೂ ಇಲ್ಲದೆ ಬಿಪಿಯೂ ಇಲ್ಲದೆ ಕಿಡ್ನಿ ಸೋಲುವುದು ದಶಕಗಳಿಂದ ಕಾಣುತ್ತಿದೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲೂ ಇಂಥದ್ದೇ ಕಾಯಿಲೆ ಇದೆ. ಕಾರಣ ಇಂಥದ್ದೇ ಎಂದು ಇನ್ನೂ ಇತ್ಯರ್ಥವಾಗಿಲ್ಲ. ನೀರು, ಕೀಟನಾಶಕ, ಲೋಹಾಂಶಗಳ ಜೊತೆಗೆ ಪದೇ ಪದೇ ದೇಹ ಒಣಗುವುದೂ ಶಂಕಿತರ ಪಟ್ಟಿಯಲ್ಲಿದೆ.

ಶಂಕೆಗೆ ಆಧಾರ ಮತ್ತೆ ಅದೇ ಸಾರ್ಬಿಟಾಲ್. ರಕ್ತ ಗಾಢವಾದಾಗ ಕಿಡ್ನಿಯ ಕೋಶ ಮಾಡಿಕೊಳ್ಳುವ ಸಾರ್ಬಿಟಾಲ್‌ನಲ್ಲಿ ಸ್ವಲ್ಪ ಭಾಗ ಫ್ರಕ್ಟೋಸ್ ಆಗಿ ಬದಲಾಗುತ್ತದೆ. ದಿನವೂ ಹೀಗೇ ಆದರೆ ಆ ಫ್ರಕ್ಟೋಸ್ ಕೊಳವೆಯ ಕೋಶಗಳಿಗೆ ಹಾನಿ ಮಾಡುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. 2016ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದಲ್ಲಿ, ಬಿಸಿಯಲ್ಲಿಟ್ಟು ಒಣಗಿಸಿದ ಇಲಿಗಳಿಗೆ ನೀರಿನ ಬದಲು ಸಿಹಿ ಪಾನೀಯದಂಥ ದ್ರವ ಕೊಟ್ಟಾಗ ಕಿಡ್ನಿಯ ಹಾನಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗಬೇಕೆಂದಿಲ್ಲ. ಆದರೂ ದುಡಿದು ದಣಿದವರ ಕೈಗೆ ಮೊದಲು ಸಿಗುವುದು ಬಣ್ಣದ ಬಾಟಲಿಯೇ ಎಂಬುದನ್ನು ನೆನೆದರೆ ಈ ಫಲಿತಾಂಶವನ್ನು ತಳ್ಳಿಹಾಕಲಾಗದು.

ಮೈಕೈ ನೋವಿನ ಮಾತ್ರೆಗಳ ವಿಷಯವೂ ಇಲ್ಲೇ ಬರುತ್ತದೆ. ಕಿಡ್ನಿಯ ಆ ಉಪ್ಪಿನ ಒಳಭಾಗಕ್ಕೆ ರಕ್ತ, ಆಮ್ಲಜನಕ ಮೊದಲೇ ಕಡಿಮೆ. ದೇಹ ಒಣಗಿದಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಅಲ್ಲಿನ ರಕ್ತ ಹರಿವನ್ನು ಹೇಗೋ ಕಾಪಾಡುತ್ತಿರುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಅವನ್ನೇ ತಡೆಯುತ್ತವೆ. ದಿನವಿಡೀ ಬೆವರಿ, ನೀರು ಕುಡಿಯದೆ, ರಾತ್ರಿ ನೋವಿನ ಮಾತ್ರೆ ನುಂಗಿ ಮಲಗುವ ಅಭ್ಯಾಸ ಕಿಡ್ನಿಗೆ ಒಳ್ಳೆಯದಲ್ಲ.

ಹಾಗಾದರೆ ಏನು ಕುಡಿಯಬೇಕು?

ಬರೀ ಬೆವರಿದವರಿಗೆ, ಊಟ ಮಾಡುತ್ತಿರುವವರಿಗೆ ನೀರು ಮತ್ತು ಉಪ್ಪು ಹಾಕಿದ ಮಜ್ಜಿಗೆ ಸಾಕು. ಗಂಟೆಗಟ್ಟಲೆ ಬಿಸಿಲಲ್ಲಿ ದುಡಿಯುವವರು ಒಮ್ಮೆಗೇ ಲೀಟರ್ ಕುಡಿಯುವ ಬದಲು ಆಗಾಗ ಒಂದೊಂದು ಲೋಟ ಕುಡಿಯುವುದು ಲೇಸು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬಾಯಾರಿಕೆಗೆ ಚೆನ್ನ, ಆದರೆ ಭೇದಿಗೆ ಓಆರ್‌ಎಸ್‌ನ ಬದಲಿ ಅಲ್ಲ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಹೃದಯದ ತೊಂದರೆ, ಬಿಪಿ ಇರುವವರಿಗೆ ಉಪ್ಪಿನ ವಿಷಯದಲ್ಲೂ ಇದೇ ಮಾತು.

ಭೇದಿಯಾದಾಗ ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. 'ಮಗು ಅಷ್ಟೆಲ್ಲ ಕುಡಿಯಲ್ಲ' ಎಂದು ಇಡೀ ಪೊಟ್ಟಣವನ್ನು ಅರ್ಧ ಲೀಟರ್‌ಗೆ ಹಾಕಿದರೆ 245 ಇದ್ದದ್ದು 490 ಆಗಿ, ಸಿಹಿ ಪಾನೀಯದಂತೆ ಅದೂ ಕರುಳಿಗೆ ನೀರನ್ನು ಎಳೆಯುತ್ತದೆ. ರುಚಿಗೆಂದು ಸಕ್ಕರೆ, ಹಣ್ಣಿನ ರಸ ಸೇರಿಸುವುದೂ ಬೇಡ. ಕಲಸಿಟ್ಟದ್ದನ್ನು 24 ಗಂಟೆಯ ನಂತರ ಚೆಲ್ಲಿಬಿಡಿ. ಎದೆಹಾಲು ನಿಲ್ಲಿಸಬೇಡಿ. ಮಗು ಆರು ಗಂಟೆಗೂ ಹೆಚ್ಚು ಹೊತ್ತು ಮೂತ್ರ ಮಾಡದಿದ್ದರೆ, ಕಣ್ಣು ಗುಳಿಬಿದ್ದು ಮಂಕಾಗಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಂಗಡಿಯಲ್ಲಿ ಕೊಳ್ಳುವಾಗ ಹೆಸರಿಗಿಂತ ಹಿಂಬದಿಯ ಸಣ್ಣಕ್ಷರ ನೋಡಿ. ಲೀಟರ್‌ಗೆ ಸೋಡಿಯಂ 75, ಗ್ಲೂಕೋಸ್ 75, ಒಟ್ಟು 245 ಎಂದು ಇದ್ದರೆ ಅದು ಅಸಲಿ ಓಆರ್‌ಎಸ್.